ಪರಾಗದ ನೆಗಡಿ: ಇಪ್ಪತ್ತಮೂರು ವರ್ಷಗಳ ಒಂದು ಲೆಕ್ಕ

ಹದಿನೆಂಟು ವರ್ಷದ ತರುಣನೊಬ್ಬನು ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕದ ಈಶಾನ್ಯ ಭಾಗದ ವಿಶ್ವವಿದ್ಯಾನಿಲಯವೊಂದನ್ನು ಸೇರುತ್ತಾನೆಂದು ಭಾವಿಸೋಣ. ಸೇರುವಾಗ ವೈದ್ಯರು ಅವನನ್ನು ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಳ್ಳುತ್ತಾರೆ. ಮೊದಲನೆಯ ವರ್ಷ ಅವನಿಗೆ ಯಾವ ತೊಂದರೆಯೂ ಇಲ್ಲ. ಎರಡನೆಯ ವರ್ಷವೂ ಇಲ್ಲ. ಮೂರನೆಯ ವರ್ಷದ ಅದೇ ಸೆಪ್ಟೆಂಬರಿನಲ್ಲಿ ಬೆಳಗ್ಗೆ ಏಳುತ್ತಲೇ ಒಂದರ ಹಿಂದೊಂದರಂತೆ ಹತ್ತು ಹನ್ನೆರಡು ಸೀನು, ಮೂಗಿನಿಂದ ತಿಳಿನೀರು, ಕಣ್ಣಿನಲ್ಲಿ ನವೆ, ಅಂಗುಳಿನಲ್ಲಿ ಕಡಿತ. ಮೈ ಬಿಸಿಯಿಲ್ಲ. ನೆಗಡಿಯಿರಬೇಕೆಂದು ಅವನು ಒಂದು ವಾರ ಕಾಯುತ್ತಾನೆ. ವಾರ ಕಳೆದು ತಿಂಗಳಾದರೂ ಅದು ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಮೊದಲ ಹಿಮ ಕವಿದೊಡನೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಮುಂದಿನ ವರ್ಷ ಹೆಚ್ಚು ಕಡಿಮೆ ಅದೇ ವಾರದಲ್ಲಿ ಮತ್ತೆ ಹಾಜರಾಗುತ್ತದೆ.

ಇದು ನೆಗಡಿಯಲ್ಲ, ಹೂವಿನ ಪರಾಗ ದೇಹಕ್ಕೆ ಒಗ್ಗದೆ ಉಂಟಾಗುವ ಅಲರ್ಜಿ. ಇಂಗ್ಲಿಷಿನಲ್ಲಿ ಇದನ್ನು ‘ಹೇ ಫೀವರ್’ ಎಂದು ಕರೆಯುವ ವಾಡಿಕೆಯಿದೆ. ಒಣಹುಲ್ಲಿಗೂ ಇದಕ್ಕೂ ನೇರವಾದ ಸಂಬಂಧವಿಲ್ಲ, ಇದರಲ್ಲಿ ಜ್ವರವೂ ಬರುವುದಿಲ್ಲ. ಹೀಗೆ ಎರಡು ಮಾತುಗಳೂ ತಪ್ಪಾಗಿರುವ ಹೆಸರೊಂದು ಇನ್ನೂರು ವರ್ಷ ಬಾಳಿಕೊಂಡು ಬಂದಿರುವುದು ವಿಚಿತ್ರವೇ ಸರಿ. ನಾವು ಇಲ್ಲಿ ಇದನ್ನು ‘ಪರಾಗದ ನೆಗಡಿ’ ಎಂದೇ ಕರೆಯೋಣ.

ನಮ್ಮ ಮುಂದಿರುವ ಪ್ರಶ್ನೆಯಿದು: ಒಂದು ವಿಶ್ವವಿದ್ಯಾನಿಲಯಕ್ಕೆ ಒಟ್ಟಿಗೆ ಬಂದು ಸೇರಿದ ವಿದ್ಯಾರ್ಥಿಗಳಲ್ಲಿ ಕಾಲ ಕಳೆದಂತೆ ಈ ಕಾಯಿಲೆ ಎಷ್ಟು ಮಂದಿಗೆ ಬರುತ್ತದೆ? ಮೇಲ್ನೋಟಕ್ಕೆ ಇದು ಸುಲಭವಾದ ಎಣಿಕೆಯಂತೆ ತೋರುತ್ತದೆ. ಆದರೆ ‘ಕಾಲ ಕಳೆದಂತೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅದೇ ವಿದ್ಯಾರ್ಥಿಗಳಿಗೆ ವಯಸ್ಸಾದಂತೆ ಎಂಬುದು ಒಂದು. 1960ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗಿಂತ ಇಂದು ಇಪ್ಪತ್ತು ವರ್ಷದವರಾಗಿರುವವರಲ್ಲಿ ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ. ಮೊದಲನೆಯ ಅರ್ಥವನ್ನು ಮೊದಲು ನೋಡೋಣ. ಅದಕ್ಕೂ ಮುನ್ನ ಪರಾಗದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ.

ಹೂವಿನ ಕೇಸರದಲ್ಲಿ ಹುಟ್ಟುವ ಪರಾಗರೇಣುಗಳು ಶಲಾಕಾಗ್ರವನ್ನು ಮುಟ್ಟಿದರೆ ಬೀಜ ಕಟ್ಟುವುದೆಂಬುದು ಪ್ರೌಢಶಾಲೆಯ ಪಾಠ. ಈ ಸಾಗಣೆಗೆ ಕೆಲವು ಗಿಡಗಳು ದುಂಬಿ, ಜೇನ್ನೊಣಗಳನ್ನು ನೆಚ್ಚಿವೆ. ಅವುಗಳಿಗೆ ಬಣ್ಣ ಬೇಕು, ಕಂಪು ಬೇಕು, ಮಕರಂದ ಬೇಕು. ಅವುಗಳ ಪರಾಗ ದಪ್ಪ, ಅಂಟು, ಗಾಳಿಯಲ್ಲಿ ಹೆಚ್ಚು ದೂರ ತೇಲಲಾರದು. ಇನ್ನು ಕೆಲವು ಗಿಡಗಳು ಗಾಳಿಯನ್ನು ನೆಚ್ಚಿವೆ. ಗಾಳಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಆದುದರಿಂದ ಇವುಗಳ ಹೂವು ಹೂವೆಂದೇ ತೋರದಷ್ಟು ಬಡಕಲು. ಗುರಿಯಿಲ್ಲದ ಈ ಸಾಗಣೆಯಲ್ಲಿ ಒಂದು ರೇಣು ಸರಿಯಾದ ಸ್ಥಳಕ್ಕೆ ಮುಟ್ಟಬೇಕಾದರೆ ಲಕ್ಷಾಂತರ ರೇಣುಗಳು ವ್ಯರ್ಥವಾಗಬೇಕು. ಆ ವ್ಯರ್ಥವಾದವುಗಳಲ್ಲಿ ಕೆಲವು ನಮ್ಮ ಮೂಗನ್ನು ಸೇರುತ್ತವೆ. ಹುಲ್ಲಿನ ಜಾತಿಗಳು, ಉತ್ತರ ದೇಶಗಳ ಬರ್ಚ್, ಓಕ್ ಮರಗಳು, ಜಪಾನಿನ ಸೀಡರ್ ಎಲ್ಲವೂ ಈ ಗುಂಪಿನವು. ಮಲ್ಲಿಗೆ, ಗುಲಾಬಿಗಳ ಮೇಲೆ ಅಪವಾದ ಹೊರಿಸುವವರು ಸಾಮಾನ್ಯವಾಗಿ ಕಳ್ಳನನ್ನು ಬಿಟ್ಟು ಮನೆಯವನನ್ನು ಹಿಡಿದವರು.

ಅಮೆರಿಕದ ಕಳ್ಳನ ಹೆಸರು ರ‍್ಯಾಗ್‌ವೀಡ್. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಈ ಕಳೆ ರಸ್ತೆಯ ಬದಿಯಲ್ಲಿ, ಹಾಳುಬಿದ್ದ ನೆಲದಲ್ಲಿ, ಹೊಲದ ಅಂಚಿನಲ್ಲಿ ಬೆಳೆಯುತ್ತದೆ. ಆಗಸ್ಟ್ ಮಧ್ಯದಿಂದ ಹಿಮ ಬೀಳುವವರೆಗೆ ಹೂ ಬಿಡುತ್ತದೆ. ಒಂದು ಗಿಡ ಒಂದು ಋತುವಿನಲ್ಲಿ ನೂರು ಕೋಟಿಯವರೆಗೆ ಪರಾಗರೇಣುಗಳನ್ನು ಚೆಲ್ಲಬಲ್ಲುದೆಂದು ಅಂದಾಜು. ರೇಣುವಿನ ಅಡ್ಡಳತೆ ಮಿಲಿಮೀಟರಿನ ಸುಮಾರು ಐವತ್ತರಲ್ಲೊಂದು ಭಾಗ; ಗಾಳಿ ಅದನ್ನು ಕರಾವಳಿಯಿಂದ ನೂರಾರು ಮೈಲಿ ಸಮುದ್ರದ ಮೇಲಕ್ಕೂ ಕೊಂಡೊಯ್ಯುತ್ತದೆ. ಅದೇ ತಿಂಗಳುಗಳಲ್ಲಿ ಗೋಲ್ಡನ್‌ರಾಡ್ ಎಂಬ ಇನ್ನೊಂದು ಗಿಡ ಎದ್ದು ಕಾಣುವಂತೆ ಹಳದಿ ಹೂ ಬಿಡುವುದರಿಂದ ಜನರು ಬಹುಕಾಲ ಅದನ್ನೇ ಬೈಯುತ್ತಿದ್ದರು. ಅದು ಪಾಪ, ಕೀಟಗಳನ್ನು ನೆಚ್ಚಿದ ಗಿಡ. ಸಸ್ಯಶಾಸ್ತ್ರಜ್ಞರು ರ‍್ಯಾಗ್‌ವೀಡಿನ ಜಾತಿಗೆ ಇಟ್ಟಿರುವ ಹೆಸರು ‘ಆಂಬ್ರೋಸಿಯ’. ಗ್ರೀಕ್ ಪುರಾಣಗಳಲ್ಲಿ ದೇವತೆಗಳ ಅಮೃತಾಹಾರಕ್ಕಿದ್ದ ಹೆಸರು ಅದು. ಹೆಸರಿಟ್ಟವರಿಗೆ ಪ್ರಾಯಶಃ ಸೀನು ಬರುತ್ತಿರಲಿಲ್ಲ.

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್. 1819ರಲ್ಲಿ ಅವರು ವಿದ್ವತ್ ಸಭೆಯೊಂದರ ಮುಂದೆ ಒಬ್ಬ ರೋಗಿಯ ಕಥೆಯನ್ನು ಓದಿದರು. ಬಾಲ್ಯದಿಂದಲೂ ಪ್ರತಿ ಬೇಸಗೆಯಲ್ಲಿ ಕಣ್ಣು ಮೂಗುಗಳ ಉರಿಯಿಂದ ನರಳುತ್ತಿದ್ದ ಆ ರೋಗಿ ಬಾಸ್ಟಾಕರೇ. ತಮ್ಮಂತಹ ಇತರರನ್ನು ಹುಡುಕುತ್ತ ಹೋದ ಅವರಿಗೆ ಒಂಬತ್ತು ವರ್ಷಗಳಲ್ಲಿ ದೊರೆತವರು 28 ಮಂದಿ ಮಾತ್ರ. ಇಂದು ಯಾವ ದೊಡ್ಡ ಕಾಲೇಜಿನಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಇಷ್ಟು ಜನರನ್ನು ಕಲೆಹಾಕಬಹುದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕಾರಣ ಬೇಸಗೆಯ ತಾಪವೆಂದು ಬಾಸ್ಟಾಕರು ನಂಬಿದ್ದರು. ಕಾರಣ ಪರಾಗವೆಂದು ಪ್ರಯೋಗದಿಂದ ತೋರಿಸಿದವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರೂ ರೋಗಿಯೇ. ಶೇಖರಿಸಿಟ್ಟ ಪರಾಗವನ್ನು ಅಕಾಲದಲ್ಲಿ ಮೂಗಿಗೇರಿಸಿಕೊಂಡು ಕಾಯಿಲೆಯನ್ನು ಬರಿಸಿಕೊಂಡರು; ಚರ್ಮವನ್ನು ಗೀರಿ ಅಲ್ಲಿ ಪರಾಗವನ್ನು ಹಚ್ಚಿ ದದ್ದು ಏಳುವುದನ್ನು ಕಂಡರು; ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲಿಯೂ ಪರಾಗವಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ತೋರಿಸಿದರು. 1873ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಒಂದು ಒಗಟು ಹಾಗೆಯೇ ಉಳಿಯಿತು. ಪರಾಗದ ನಡುವೆಯೇ ಬದುಕುವ ರೈತರಿಗೆ ಈ ಕಾಯಿಲೆ ಅಪರೂಪ. ನಗರದ ವಿದ್ಯಾವಂತರಿಗೆ ಹೆಚ್ಚು. ಏಕೆ? ಈ ಒಗಟಿನ ಬಳಿಗೆ ನಾವು ಮತ್ತೆ ಬರುವೆವು.

ದೇಹದೊಳಗೆ ನಡೆಯುವುದೇನು? ರೋಗಾಣುಗಳನ್ನು ಎದುರಿಸಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಉತ್ಪತ್ತಿಯಾಗುತ್ತವೆ. ಅವುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಬಗೆಯನ್ನು ಇಶಿಜಾಕಾ ದಂಪತಿಗಳು ಅಮೆರಿಕದ ಡೆನ್ವರಿನಲ್ಲಿ 1966ರಲ್ಲಿ ಗುರುತಿಸಿದರು. ಮರುವರ್ಷ ಸ್ವೀಡನ್ನಿನ ಉಪ್ಸಾಲದಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರು ಅದನ್ನೇ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಅದರ ಹೆಸರು ಇಮ್ಯುನೊಗ್ಲಾಬ್ಯುಲಿನ್ ಇ. ಕೆಲವರ ದೇಹ ಪರಾಗದ ನಿರಪಾಯಕರವಾದ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ತಿಳಿದು ಅದರ ವಿರುದ್ಧ ಈ ಪ್ರತಿಕಾಯವನ್ನು ತಯಾರಿಸುತ್ತದೆ. ಹೀಗೆ ತಯಾರಾದ ಪ್ರತಿಕಾಯಗಳು ಮೂಗು, ಕಣ್ಣು, ಚರ್ಮಗಳ ಅಂಗಾಂಶದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕುಳಿತುಕೊಳ್ಳುತ್ತವೆ. ಇಷ್ಟಾದರೂ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಬಂದೂಕಿಗೆ ಮದ್ದು ತುಂಬಿದೆ, ಕುದುರೆಯನ್ನು ಯಾರೂ ಎಳೆದಿಲ್ಲ. ಮುಂದೆ ಅದೇ ಪರಾಗ ಸಾಕಷ್ಟು ಪ್ರಮಾಣದಲ್ಲಿ ಬಂದು ಆ ಪ್ರತಿಕಾಯಗಳಿಗೆ ತಗುಲಿದಾಗ ಮಾಸ್ಟ್ ಕೋಶಗಳು ಒಡನೆಯೇ ಹಿಸ್ಟಮೀನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ನೀರು ಸೋರುತ್ತದೆ, ನರಗಳು ಕೆರಳುತ್ತವೆ. ಸೀನು ಆಮೇಲಿನ ಮಾತು.

ಇದರಿಂದ ಒಂದು ಮುಖ್ಯವಾದ ವಿಚಾರ ಹೊರಡುತ್ತದೆ. ದೇಹ ಸೂಕ್ಷ್ಮಗೊಂಡಿರುವುದು ಬೇರೆ, ಕಾಯಿಲೆಯಾಗಿರುವುದು ಬೇರೆ. ಸೂಕ್ಷ್ಮಗೊಂಡಿದೆಯೇ ಎಂಬುದನ್ನು ಚರ್ಮಪರೀಕ್ಷೆಯಿಂದ ಅರಿಯಬಹುದು. ಮುಂದೋಳಿನ ಮೇಲೆ ಪರಾಗದ ಸಾರದ ಒಂದು ತೊಟ್ಟನ್ನಿಟ್ಟು ಸೂಜಿಯಿಂದ ಮೆಲ್ಲನೆ ಚುಚ್ಚುತ್ತಾರೆ. ಹದಿನೈದು ನಿಮಿಷದಲ್ಲಿ ಅಲ್ಲಿ ಸೊಳ್ಳೆ ಕಚ್ಚಿದಂತಹ ದದ್ದು ಎದ್ದರೆ ಮದ್ದು ತುಂಬಿದೆಯೆಂದು ಅರ್ಥ. ಎಂದೂ ಸೀನದವರಲ್ಲಿಯೂ ಹಲವರಿಗೆ ದದ್ದು ಏಳುತ್ತದೆ. ಹಾಗಾದರೆ ಅವರ ಗತಿಯೇನು? ಅವರು ನಾಳಿನ ರೋಗಿಗಳೇ, ಅಥವಾ ಜೀವಮಾನವಿಡೀ ಹಾಗೆಯೇ ಉಳಿಯುವರೇ? ಇದಕ್ಕೆ ಯೋಚನೆಯಿಂದ ಉತ್ತರ ದೊರೆಯದು. ಅವರ ಹೆಸರುಗಳನ್ನು ಬರೆದಿಟ್ಟುಕೊಂಡು ಕಾಯಬೇಕು.

ಹಾಗೆ ಕಾದವರು ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದ ಇಬ್ಬರು ವೈದ್ಯರು, ಹೇಗಿ ಮತ್ತು ಸೆಟಿಪೇನ್. ಆ ನಗರದ ಬ್ರೌನ್ ವಿಶ್ವವಿದ್ಯಾನಿಲಯಕ್ಕೆ 1960ರ ದಶಕದಲ್ಲಿ ಹೊಸದಾಗಿ ಸೇರಿದ ಸುಮಾರು 1,800 ವಿದ್ಯಾರ್ಥಿಗಳನ್ನು ಅವರು ಪ್ರಶ್ನಿಸಿ, ಚರ್ಮಪರೀಕ್ಷೆ ಮಾಡಿ, ಫಲಿತಾಂಶವನ್ನು 1969ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾನಿಲಯವನ್ನು ಆರಿಸಿಕೊಂಡುದು ಜಾಣತನದ ಕೆಲಸ. ಎಲ್ಲರೂ ಒಂದೇ ವಯಸ್ಸಿನವರು; ಪ್ರವೇಶದ ಸಮಯದಲ್ಲಿ ಒಂದೇ ಕಡೆ ಸಿಕ್ಕುವವರು; ಪದವಿ ಪಡೆದು ಚದುರಿದ ಮೇಲೂ ಹಳೆಯ ವಿದ್ಯಾರ್ಥಿಗಳ ಪಟ್ಟಿಯಿಂದ ವಿಳಾಸ ದೊರೆಯುವಂಥವರು. ಮೂರು ವರ್ಷಗಳ ಅನಂತರ ವೈದ್ಯರು ಅವರನ್ನು ಮತ್ತೆ ವಿಚಾರಿಸಿದರು. ಏಳು ವರ್ಷಗಳ ಅನಂತರ ಮತ್ತೊಮ್ಮೆ. ಇಪ್ಪತ್ತಮೂರು ವರ್ಷಗಳ ಅನಂತರ, ಆ ವಿದ್ಯಾರ್ಥಿಗಳು ಸರಾಸರಿ ನಲವತ್ತು ವರ್ಷದ ಗೃಹಸ್ಥರಾಗಿದ್ದಾಗ, ಇನ್ನೊಮ್ಮೆ. ಈ ಕೊನೆಯ ವರದಿ 1994ರಲ್ಲಿ ಅಚ್ಚಾಯಿತು. ಒಂದೇ ಪ್ರಶ್ನೆಯನ್ನು ಅದೇ ಜನರಿಗೆ ಕಾಲು ಶತಮಾನದಷ್ಟು ಕಾಲ ಬಿಡದೆ ಕೇಳುವುದು ಸಾಮಾನ್ಯವಾದ ತಾಳ್ಮೆಯಲ್ಲ. ಗಾಳಿಪಟದ ಪ್ರಯೋಗದಷ್ಟು ಇದು ಮನಸ್ಸನ್ನು ಸೆಳೆಯದಿರಬಹುದು. ಆದರೆ ನಮ್ಮ ಮಟ್ಟಿಗೆ ಇದರ ಬೆಲೆ ಅದಕ್ಕಿಂತ ಕಡಿಮೆಯದಲ್ಲ.

ಅವರಿಗೆ ಕಂಡುಬಂದುದೇನು? ಸೇರುವಾಗ ಯಾವ ತೊಂದರೆಯೂ ಇಲ್ಲದೆ, ಚರ್ಮಪರೀಕ್ಷೆಯಲ್ಲಿ ಮಾತ್ರ ಪರಾಗಕ್ಕೆ ದದ್ದು ಎದ್ದಿದ್ದ ವಿದ್ಯಾರ್ಥಿಗಳಲ್ಲಿ ಮುಂದೆ ಪರಾಗದ ನೆಗಡಿ ಕಾಣಿಸಿಕೊಂಡ ಪ್ರಮಾಣ, ದದ್ದು ಏಳದಿದ್ದವರಲ್ಲಿ ಕಾಣಿಸಿಕೊಂಡುದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಅಂದರೆ ನಾವು ಮೊದಲು ಕಂಡ ತರುಣನ ಕಾಯಿಲೆ ಮೂರನೆಯ ವರ್ಷದಲ್ಲಿ ಆಕಾಶದಿಂದ ಬಿದ್ದುದಲ್ಲ. ವೈದ್ಯರು ಆರೋಗ್ಯವಂತನೆಂದು ಬರೆದುಕೊಂಡ ದಿನವೇ ಅದು ಅವನ ಮುಂದೋಳಿನಲ್ಲಿ ಓದಬಹುದಾದ ಅಕ್ಷರಗಳಲ್ಲಿ ಇದ್ದಿರುವ ಸಂಭವ ಹೆಚ್ಚು. ಆದರೂ ದದ್ದು ಎದ್ದವರೆಲ್ಲರಿಗೂ ಕಾಯಿಲೆ ಬರಲಿಲ್ಲ ಎಂಬುದನ್ನೂ ಮರೆಯಬಾರದು. ಚರ್ಮಪರೀಕ್ಷೆ ಶಕುನವಲ್ಲ, ಸಂಭವವನ್ನು ಮಾತ್ರ ತಿಳಿಸುವಂಥದು.

ಎರಡನೆಯ ಫಲಿತಾಂಶ ಇನ್ನೂ ಗಂಭೀರವಾದುದು. ಇಪ್ಪತ್ತಮೂರು ವರ್ಷಗಳ ಅನಂತರ ಉತ್ತರ ಬಂದುದು 738 ಮಂದಿಯಿಂದ. ಅವರಲ್ಲಿ ಸೇರುವಾಗ ಉಬ್ಬಸವಿಲ್ಲದವರು 690. ಈ 690 ಮಂದಿಯಲ್ಲಿ 162 ಜನರಿಗೆ ವಿದ್ಯಾರ್ಥಿದೆಸೆಯಲ್ಲಿಯೇ ಮೂಗಿನ ಅಲರ್ಜಿಯಿತ್ತು. ಉಳಿದ 528 ಜನರಿಗೆ ಇರಲಿಲ್ಲ. ನಲವತ್ತನೆಯ ವಯಸ್ಸಿನೊಳಗೆ ಮೊದಲ ಗುಂಪಿನ 17 ಮಂದಿಗೆ ಉಬ್ಬಸ ಹೊಸದಾಗಿ ಬಂದಿತು, ಎರಡನೆಯ ಗುಂಪಿನ 19 ಮಂದಿಗೆ ಬಂದಿತು. ಅವಸರದ ಓದುಗನು 17 ಮತ್ತು 19 ಎಂಬ ಅಂಕೆಗಳನ್ನು ಕಂಡು ವ್ಯತ್ಯಾಸವೇನೂ ಇಲ್ಲವೆಂದುಬಿಡಬಹುದು. ಭಾಗಿಸಿ ನೋಡಿದರೆ ಶೇಕಡಾ 10.5 ಒಂದು ಕಡೆ, 3.6 ಇನ್ನೊಂದು ಕಡೆ. ಸುಮಾರು ಮೂರು ಪಟ್ಟು. ಮೂಗು ಮತ್ತು ಶ್ವಾಸಕೋಶ ಒಂದೇ ನಾಳದ ಎರಡು ತುದಿಗಳೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ‘ಬರಿಯ ಸೀನು ತಾನೆ’ ಎಂದು ತಳ್ಳಿಹಾಕುವ ನಮ್ಮ ಅಭ್ಯಾಸಕ್ಕೆ ಈ ಭಾಗಾಕಾರ ಒಂದು ಅಡ್ಡಿ.

ಮೂರನೆಯದು ಸಮಾಧಾನದ ಸುದ್ದಿ. ಈ ಹಳೆಯ ವಿದ್ಯಾರ್ಥಿಗಳಲ್ಲಿ ಪರಾಗದ ನೆಗಡಿಯಿದ್ದವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಇಪ್ಪತ್ತಮೂರು ವರ್ಷಗಳಲ್ಲಿ ಕಾಯಿಲೆ ಮೊದಲಿಗಿಂತ ಇಳಿದಿತ್ತು. ಕೆಲವರಿಗೆ ಪೂರ್ತಿ ಬಿಟ್ಟೇಹೋಗಿತ್ತು. ಹೆಚ್ಚಾದುದು ಸ್ವಲ್ಪ ಜನರಿಗೆ ಮಾತ್ರ.

ಹಾಗಾದರೆ ‘ಕಾಲ ಕಳೆದಂತೆ ಎಷ್ಟು ಮಂದಿಗೆ’ ಎಂಬ ಪ್ರಶ್ನೆಗೆ ಒಂದೇ ಅಂಕೆಯಲ್ಲಿ ಉತ್ತರ ಹೇಳುವುದು ಹೇಗೆ? ವಿದ್ಯಾರ್ಥಿನಿಲಯದ ನೀರಿನ ತೊಟ್ಟಿಯನ್ನು ನೆನೆದುಕೊಳ್ಳಿ. ಮೇಲಿನ ನಲ್ಲಿಯಿಂದ ನೀರು ಬರುತ್ತಿದೆ, ಕೆಳಗಿನ ತೂಬಿನಿಂದ ಹೋಗುತ್ತಿದೆ. ಹೊಸದಾಗಿ ಕಾಯಿಲೆ ಬೀಳುವವರು ನಲ್ಲಿಯ ನೀರು. ಗುಣವಾಗುವವರು ತೂಬಿನ ನೀರು. ಇಂದು ಸೀನುತ್ತಿರುವವರು ತೊಟ್ಟಿಯಲ್ಲಿರುವ ನೀರು. ಇಪ್ಪತ್ತರ ಆಸುಪಾಸಿನಲ್ಲಿ ನಲ್ಲಿ ಜೋರಾಗಿರುತ್ತದೆ, ತೂಬು ಕಿರಿದು. ವಯಸ್ಸಾದಂತೆ ನಲ್ಲಿ ಸಣ್ಣಗಾಗಿ ತೂಬು ದೊಡ್ಡದಾಗುತ್ತದೆ. ‘ನಿಮಗೆ ಈಗ ಪರಾಗದ ನೆಗಡಿ ಇದೆಯೇ?’ ಎಂದು ಕೇಳಿದರೆ ತೊಟ್ಟಿಯ ಮಟ್ಟ ತಿಳಿಯುತ್ತದೆ. ‘ಎಂದಾದರೂ ಬಂದಿತ್ತೇ?’ ಎಂದು ಕೇಳಿದರೆ ನಲ್ಲಿಯಿಂದ ಈವರೆಗೆ ಬಿದ್ದ ಒಟ್ಟು ನೀರು ತಿಳಿಯುತ್ತದೆ. ಈ ಅಂಕೆ ಏರಬಲ್ಲುದೇ ಹೊರತು ಇಳಿಯಲಾರದು. ಪತ್ರಿಕೆಗಳಲ್ಲಿ ಬರುವ ಶೇಕಡಾವಾರುಗಳಲ್ಲಿ ಯಾವ ಪ್ರಶ್ನೆಯನ್ನು ಕೇಳಲಾಗಿತ್ತೆಂಬುದನ್ನು ಹೇಳದೆ ಬಿಡುವುದೇ ಹೆಚ್ಚು. ಅಂತಹ ಅಂಕೆಯನ್ನು ನಂಬುವ ಮೊದಲು ಪ್ರಶ್ನೆಯನ್ನು ಹುಡುಕುವುದು ಒಳ್ಳೆಯದು.

ಪ್ರಾವಿಡೆನ್ಸಿನ ಅಧ್ಯಯನದಲ್ಲಿ ಕೊರತೆಗಳಿಲ್ಲವೆಂದಲ್ಲ. ಸುಮಾರು 1,800 ಮಂದಿಯಲ್ಲಿ ಕೊನೆಗೆ ಉತ್ತರಿಸಿದವರು 738. ಸೀನುವವನಿಗೆ ಸೀನಿನ ಪ್ರಶ್ನಾವಳಿಯನ್ನು ತುಂಬುವ ಉತ್ಸಾಹ ಆರೋಗ್ಯವಂತನಿಗಿಂತ ಹೆಚ್ಚಿರುವುದು ಸಹಜ. ಅಂತಹವರೇ ಹೆಚ್ಚಾಗಿ ಉತ್ತರಿಸಿದ್ದರೆ ಒಟ್ಟು ರೋಗಿಗಳ ಪ್ರಮಾಣ ಉಬ್ಬಿರಬಹುದು. ಬ್ರೌನಿನ ವಿದ್ಯಾರ್ಥಿಗಳು ಇಡೀ ಅಮೆರಿಕದ ತರುಣರ ಪ್ರತಿನಿಧಿಗಳೂ ಅಲ್ಲ. ಗುಂಪು ಗುಂಪುಗಳ ನಡುವಣ ಹೋಲಿಕೆಗೆ ಮಾತ್ರ ಇದರಿಂದ ಹೆಚ್ಚಿನ ಧಕ್ಕೆಯಿಲ್ಲ.

ಇನ್ನು ಎರಡನೆಯ ಅರ್ಥಕ್ಕೆ ಬರೋಣ. ತಲೆಮಾರಿನಿಂದ ತಲೆಮಾರಿಗೆ ಈ ಕಾಯಿಲೆ ಹೆಚ್ಚುತ್ತಿದೆಯೇ? ಇದನ್ನು ಅರಿಯಬೇಕಾದರೆ ಅದೇ ಜನರನ್ನು ಹಿಂಬಾಲಿಸಿ ಪ್ರಯೋಜನವಿಲ್ಲ. ಅದೇ ವಯಸ್ಸಿನ ಬೇರೆ ಬೇರೆ ಕಾಲದ ಜನರನ್ನು ಹೋಲಿಸಬೇಕು. ಸ್ವೀಡನ್ನಿನಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಬಂದ ತರುಣರ ವೈದ್ಯಕೀಯ ದಾಖಲೆಗಳು ಇದಕ್ಕೆ ಒದಗಿಬಂದವು. 1971ರಲ್ಲಿ ಅವರಲ್ಲಿ ಶೇಕಡಾ 4.4 ಮಂದಿಗೆ ಮೂಗಿನ ಅಲರ್ಜಿಯಿತ್ತು. 1981ರಲ್ಲಿ ಶೇಕಡಾ 8.4 ಮಂದಿಗೆ. ಹತ್ತೇ ವರ್ಷಗಳಲ್ಲಿ ಹೆಚ್ಚು ಕಡಿಮೆ ಇಮ್ಮಡಿ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಾಲಾಮಕ್ಕಳಲ್ಲಿ 1964ರಲ್ಲಿ ಶೇಕಡಾ 3.2 ಇದ್ದುದು 1989ರಲ್ಲಿ 11.9ಕ್ಕೆ ಏರಿತು. ಸ್ವಿಟ್ಸರ್ಲೆಂಡಿನಲ್ಲಿ 1926ರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲದಿದ್ದ ಕಾಯಿಲೆ 1991ರ ಪರೀಕ್ಷೆಯಲ್ಲಿ ನೂರಕ್ಕೆ ಹದಿನಾಲ್ಕು ಮಂದಿಯಲ್ಲಿ ಕಂಡುಬಂದಿತು. ವೈದ್ಯರು ಈಗ ಕಾಯಿಲೆಯನ್ನು ಹೆಚ್ಚಾಗಿ ಗುರುತಿಸುತ್ತಾರೆ ಎಂಬ ಕಾರಣದಿಂದ ಸ್ವಲ್ಪ ಹೆಚ್ಚಳವನ್ನು ವಿವರಿಸಬಹುದು. ಎಲ್ಲವನ್ನೂ ವಿವರಿಸಲಾಗದು.

ಜಪಾನಿನ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಬೋಳಾದ ಬೆಟ್ಟಗಳ ಮೇಲೆ ಸರ್ಕಾರ ಸೀಡರ್ ಮರಗಳನ್ನು ವಿಸ್ತಾರವಾಗಿ ನೆಡಿಸಿತು. ಮನೆ ಕಟ್ಟಲು ಮರ ಬೇಕು, ಮಣ್ಣು ಕೊಚ್ಚಿಹೋಗದಿರಬೇಕು, ಉದ್ದೇಶ ನಿರ್ದುಷ್ಟವಾದುದು. ಸೀಡರ್ ಮರ ಹೇರಳವಾಗಿ ಪರಾಗ ಬಿಡಲು ಸುಮಾರು ಮೂವತ್ತು ವರ್ಷ ಬೇಕು. ಸೀಡರ್ ಪರಾಗದ ನೆಗಡಿಯ ಮೊದಲ ವರದಿ 1964ರಲ್ಲಿ, ಹಳೆಯ ಸೀಡರ್ ಸಾಲುಮರಗಳಿಗೆ ಹೆಸರಾದ ನಿಕ್ಕೋ ಪಟ್ಟಣದಿಂದ ಬಂದಿತು. ಆಗ ಅದೊಂದು ಕುತೂಹಲದ ವಿಷಯ. ಮುಂದೆ ಕಿವಿ ಮೂಗು ಗಂಟಲು ವೈದ್ಯರನ್ನೂ ಅವರ ಕುಟುಂಬದವರನ್ನೂ ಕುರಿತು ದೇಶಾದ್ಯಂತ ಮೂರು ಸಲ ವಿಚಾರಣೆ ನಡೆಯಿತು. 1998ರಲ್ಲಿ ಶೇಕಡಾ 16.2, 2008ರಲ್ಲಿ 26.5, 2019ರಲ್ಲಿ 38.8 ಮಂದಿಗೆ ಸೀಡರ್ ಪರಾಗದ ಅಲರ್ಜಿ. ವೈದ್ಯರ ಮನೆಯವರು ತಮ್ಮ ಸೀನನ್ನು ಬಲುಬೇಗ ಗುರುತಿಸುವರೆಂಬ ರಿಯಾಯಿತಿಯನ್ನು ಕೊಟ್ಟರೂ ಏರಿಕೆ ನಿಚ್ಚಳವಾಗಿದೆ.

ಎರಡು ಮೂರು ತಲೆಮಾರುಗಳಲ್ಲಿ ಮನುಷ್ಯನ ಆನುವಂಶಿಕ ಗುಣಗಳು ಬದಲಾಗುವುದಿಲ್ಲ. ಬದಲಾದುದು ಬದುಕಿನ ರೀತಿ. ಇಲ್ಲಿ ಬ್ಲ್ಯಾಕ್ಲಿಯ ಒಗಟು ಮತ್ತೆ ಎದುರಾಗುತ್ತದೆ. 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 17,414 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಡೇವಿಡ್ ಸ್ಟ್ರಾಚನ್ ಎಂಬವರು, ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಮುಂದೆ ಪರಾಗದ ನೆಗಡಿ ಬರುವ ಸಂಭವ ಕಡಿಮೆಯೆಂದು 1989ರಲ್ಲಿ ತೋರಿಸಿದರು. ಎಳೆಯ ವಯಸ್ಸಿನಲ್ಲಿ ಮಕ್ಕಳಿಂದ ಮಕ್ಕಳಿಗೆ ಹರಡುವ ಸಣ್ಣಪುಟ್ಟ ಸೋಂಕುಗಳು ದೇಹದ ರಕ್ಷಣಾ ವ್ಯವಸ್ಥೆಗೆ ಶತ್ರು ಯಾರು, ನೆಂಟ ಯಾರು ಎಂಬ ವಿವೇಕವನ್ನು ಕಲಿಸುತ್ತಿರಬಹುದೆಂಬುದು ಅವರ ಊಹೆ. ಫಿನ್ಲೆಂಡಿನಲ್ಲಿ ಹೊಸದಾಗಿ ವಿಶ್ವವಿದ್ಯಾನಿಲಯ ಸೇರಿದ 10,667 ವಿದ್ಯಾರ್ಥಿಗಳನ್ನು ವಿಚಾರಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಾಲ್ಯವನ್ನು ಬೇಸಾಯದ ಮನೆಯಲ್ಲಿ ಕಳೆದವರಿಗೆ ಮೂಗಿನ ಅಲರ್ಜಿ ಇತರರಿಗಿಂತ ಗಮನಾರ್ಹವಾಗಿ ಕಡಿಮೆಯಿತ್ತು. ಒಂದೇ ತರಗತಿ, ಒಂದೇ ಗಾಳಿ, ಒಂದೇ ಪರಾಗ. ವ್ಯತ್ಯಾಸವಿದ್ದುದು ಹದಿನೈದು ವರ್ಷ ಹಿಂದಿನ ಹಟ್ಟಿಯಲ್ಲಿ. ಸೋಂಕುಗಳೇ ಕಾರಣವೆಂಬ ಸ್ಟ್ರಾಚನ್ನರ ಊಹೆಯನ್ನು ಅನಂತರ ಬಂದವರು ಬಹಳಷ್ಟು ತಿದ್ದಿದ್ದಾರೆ. ರೋಗ ತರುವ ಸೋಂಕುಗಳಿಗಿಂತ ಮಣ್ಣು, ದನಕರುಗಳು, ಆಹಾರ ಇವುಗಳಿಂದ ಬರುವ ನಿರಪಾಯ ಸೂಕ್ಷ್ಮಜೀವಿಗಳ ಒಡನಾಟವೇ ಮುಖ್ಯವೆಂದು ಈಗ ಹಲವರ ಮತ. ಕೈ ತೊಳೆಯುವುದನ್ನು ಬಿಡಬಹುದೆಂದು ಇದರಿಂದ ಯಾರೂ ತೀರ್ಮಾನಿಸಬಾರದು. ತಲೆಮಾರುಗಳ ಅಂತರಕ್ಕೆ ಇನ್ನೊಂದು ಕಾರಣ ಈಗ ಸೇರಿಕೊಂಡಿದೆ. ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಅವಧಿಯಲ್ಲಿ ಪರಾಗದ ಋತು ಇಪ್ಪತ್ತು ದಿನ ಮುಂಚಿತವಾಗಿ ಆರಂಭವಾಗಿ ಎಂಟು ದಿನ ಉದ್ದವಾಗಿದೆ; ಗಾಳಿಯಲ್ಲಿನ ಪರಾಗದ ಪ್ರಮಾಣ ಸುಮಾರು ಐದರಲ್ಲೊಂದು ಪಾಲು ಹೆಚ್ಚಿದೆ. ಭೂಮಿ ಬಿಸಿಯಾಗುತ್ತಿರುವುದು ಇದರ ಮುಖ್ಯ ಕಾರಣಗಳಲ್ಲೊಂದು.

ವಿದ್ಯಾರ್ಥಿಗಳಿಗೆ ಇದರಿಂದ ಆಗುವ ನಷ್ಟವೇನು? ಇಂಗ್ಲೆಂಡಿನಲ್ಲಿ ಅಂತಿಮ ಪರೀಕ್ಷೆಗಳು ಮೇ, ಜೂನ್ ತಿಂಗಳುಗಳಲ್ಲಿ ನಡೆಯುತ್ತವೆ. ಹುಲ್ಲಿನ ಪರಾಗ ಉಕ್ಕುವುದೂ ಜೂನಿನಲ್ಲಿಯೇ. ಹದಿನೈದರಿಂದ ಹದಿನೇಳು ವಯಸ್ಸಿನ 1,834 ಮಂದಿಯ ಅಂಕಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಳಿಗಾಲದ ಪೂರ್ವಸಿದ್ಧತಾ ಪರೀಕ್ಷೆಗೂ ಬೇಸಗೆಯ ಅಂತಿಮ ಪರೀಕ್ಷೆಗೂ ನಡುವೆ ಯಾವುದಾದರೊಂದು ವಿಷಯದಲ್ಲಿ ಒಂದು ದರ್ಜೆ ಕೆಳಗಿಳಿಯುವ ಸಂಭವ, ಪರೀಕ್ಷೆಯ ದಿನಗಳಲ್ಲಿ ಪರಾಗದ ನೆಗಡಿಯಿದ್ದವರಿಗೆ ಉಳಿದವರಿಗಿಂತ ಶೇಕಡಾ 40ರಷ್ಟು ಹೆಚ್ಚಾಗಿತ್ತು. ತೂಕಡಿಕೆ ತರುವ ಹಳೆಯ ಬಗೆಯ ಹಿಸ್ಟಮೀನ್ ವಿರೋಧಿ ಗುಳಿಗೆಗಳನ್ನು ನುಂಗಿದವರಿಗೆ ಶೇಕಡಾ 70ರಷ್ಟು. ಅಂದರೆ ಕಾಯಿಲೆಯೂ ಅಂಕ ಕಳೆಯಿತು, ಮದ್ದೂ ಕಳೆಯಿತು. ನಮ್ಮ ಅಂಗಡಿಗಳಲ್ಲಿ ನೆಗಡಿಗೆಂದು ಸುಲಭವಾಗಿ ಸಿಕ್ಕುವ ಹಲವು ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮೀನ್ ಇರುತ್ತದೆ. ಅದು ಈ ಹಳೆಯ ಬಗೆಯದು. ತೂಕಡಿಕೆ ತೀರ ಕಡಿಮೆಯಿರುವ ಹೊಸ ಬಗೆಯ ಗುಳಿಗೆಗಳೂ, ಮೂಗಿಗೆ ಸಿಂಪಡಿಸುವ ಔಷಧಗಳೂ ಈಗ ಇವೆ. ಪರೀಕ್ಷೆಯ ಹಿಂದಿನ ರಾತ್ರಿ ಅಂಗಡಿಗೆ ಓಡುವ ಬದಲು ಒಂದು ತಿಂಗಳು ಮುಂಚೆ ವೈದ್ಯರನ್ನು ಕಾಣುವುದು ಮೇಲು.

ನಮ್ಮ ನಾಡಿನಲ್ಲಿಯೂ ಈ ವಿಷಯ ಹೊಸದಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದು, ಮುಂದೆ ಕರ್ನಾಟಕದ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿದ ಪಾರ್ಥೇನಿಯಂ ಗಿಡ, ನಮ್ಮ ಜನ ಕರೆಯುವ ಕಾಂಗ್ರೆಸ್ ಗಿಡ, ರ‍್ಯಾಗ್‌ವೀಡಿನ ಹತ್ತಿರದ ನೆಂಟ. ಅದನ್ನು ಕಿತ್ತವರ ಕೈಗೆ ತುರಿಕೆ ಬರುವುದು ಎಲ್ಲರಿಗೂ ಗೊತ್ತು. ಅದರ ಪರಾಗ ಮೂಗಿಗೂ ಒಗ್ಗದೆಂಬುದನ್ನು ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. 1991ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ, ಮೂಗಿನ ಅಲರ್ಜಿಯಿಂದ ನರಳುತ್ತಿದ್ದ ಬೆಂಗಳೂರಿನ ರೋಗಿಗಳಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಪಾರ್ಥೇನಿಯಂ ಪರಾಗದ ಚರ್ಮಪರೀಕ್ಷೆಯಲ್ಲಿ ದದ್ದು ಎದ್ದಿತು. ಎರಡು ವರ್ಷಗಳ ಅನಂತರ ಪ್ರಕಟವಾದ ಇನ್ನೊಂದು ಕೆಲಸ ನಮ್ಮ ಪ್ರಶ್ನೆಗೆ ಮತ್ತಷ್ಟು ಹತ್ತಿರದ್ದು. ಪಾರ್ಥೇನಿಯಂ ಮತ್ತು ರ‍್ಯಾಗ್‌ವೀಡ್ ಪರಾಗಗಳ ಪ್ರೋಟೀನುಗಳು ಎಷ್ಟು ಹೋಲುತ್ತವೆಯೆಂದರೆ, ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿದುಕೊಳ್ಳುತ್ತದೆ.

ಈಗ ಮೊದಲ ಪುಟದ ತರುಣನ ಬದಲು ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹೊರಟು ಆಗಸ್ಟ್ ಕೊನೆಯಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯವನ್ನು ಸೇರುವ ವಿದ್ಯಾರ್ಥಿನಿಯೊಬ್ಬಳನ್ನು ನೆನೆಯೋಣ. ಅವಳು ರ‍್ಯಾಗ್‌ವೀಡನ್ನು ಕಣ್ಣಿನಿಂದಲೂ ಕಂಡವಳಲ್ಲ. ಆದುದರಿಂದ ಅವಳ ದೇಹ ಅಲ್ಲಿಯ ಪರಾಗಕ್ಕೆ ಹೊಸದು, ಸೂಕ್ಷ್ಮಗೊಳ್ಳಲು ಕೆಲವು ವರ್ಷಗಳಾದರೂ ಬೇಕೆಂದು ನಾವು ಎಣಿಸಬಹುದು. ವಲಸೆ ಹೋದ ಹಲವರಲ್ಲಿ ಹಾಗೆಯೇ ನಡೆಯುತ್ತದೆ: ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನೆಲೆಸಿದ ಏಷ್ಯದವರನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆಲೆಸಿದ ವರ್ಷಗಳು ಹೆಚ್ಚಿದಂತೆ ಪರಾಗದ ನೆಗಡಿಯೂ ಹೆಚ್ಚಿರುವುದು ಕಂಡುಬಂದಿತ್ತು. ಆದರೆ ಆ ವಿದ್ಯಾರ್ಥಿನಿ ಬೆಳೆದ ಮನೆಯ ಹಿತ್ತಲಿನಾಚೆ ಪಾರ್ಥೇನಿಯಂ ಪೊದೆಯಿದ್ದು, ಅದರ ಪರಾಗ ಅವಳ ದೇಹದಲ್ಲಿ ಸದ್ದಿಲ್ಲದೆ ಮದ್ದು ತುಂಬಿಟ್ಟಿದ್ದರೆ, ರ‍್ಯಾಗ್‌ವೀಡಿನ ಪರಾಗಕ್ಕೆ ಮೂರು ವರ್ಷ ಕಾಯುವ ಅವಶ್ಯಕತೆ ಇಲ್ಲ. ಮೊದಲನೆಯ ಸೆಪ್ಟೆಂಬರಿನಲ್ಲಿಯೇ ಅವಳು ಸೀನಬಹುದು.